ಸಾವಿನ ರಿಜಿಸ್ಟರ್ ಮೊದಲು, ಗಾಳಿಯ ಯಂತ್ರ ಆಮೇಲೆ

ತಂಗೀ, ನಿನ್ನ ಥೀಸಿಸ್‌ನ ಕರಡು ಓದಿದೆ. ‘ಬೀದರ್, ಭಾಲ್ಕಿ, ಔರಾದ್ ಪಟ್ಟಣಗಳಲ್ಲಿ ಗಾಳಿಯ ಕಣಮಾಲಿನ್ಯ ಹಾಗೂ ಮರಣ ಪ್ರಮಾಣದ ಸಂಬಂಧ’. ಹೆಸರು ಜೋರಾಗಿದೆ. ನಮ್ಮ ಮನೆಯ ಹುಡುಗಿ ದಿಲ್ಲಿ, ಬೆಂಗಳೂರಿನ ಹೊಗೆ ಬಿಟ್ಟು ತನ್ನ ಜಿಲ್ಲೆಯ ಗಾಳಿಯ ಬಗ್ಗೆ ಕೇಳಹೊರಟಳಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ಆದರೆ ನಿನ್ನ ಈ ಕಾಕಾ ನೌಕರಿ ಪೂರ್ತಿ ಹುಟ್ಟು-ಸಾವಿನ ಲೆಕ್ಕದ ಹಾಳೆಗಳ ನಡುವೆ ಕಳೆದವ. ಎದೆಗೂಡಿನೊಳಗೆ ಏನಾಗುತ್ತದೆ ಎಂಬುದನ್ನು ನೀನು ನನಗೆ ಹೇಳಬೇಕು. ಎಣಿಕೆಯ ಮಾತು ಬಂದಾಗ ಮಾತ್ರ ನನ್ನದೊಂದಿಷ್ಟು ಕೇಳು. ಈಗ ಬರೆದಿರುವ ರೂಪದಲ್ಲಿ ಈ ಅಧ್ಯಯನ ಮಾಡಬೇಡ.

ಯಾಕೆಂದು ಬಾಯಿಲೆಕ್ಕದಲ್ಲೇ ತೋರಿಸುತ್ತೇನೆ. 2011ರ ಜನಗಣತಿಯಲ್ಲಿ ಬೀದರ್ ನಗರದ್ದು 2 ಲಕ್ಷ ಚಿಲ್ಲರೆ ಜನ, ಭಾಲ್ಕಿ ಪಟ್ಟಣದ್ದು 40 ಸಾವಿರದ ಆಸುಪಾಸು, ಔರಾದಿನದು 20 ಸಾವಿರದ ಆಸುಪಾಸು. ಸಾವಿರ ಜನಕ್ಕೆ ವರ್ಷಕ್ಕೆ 7 ಸಾವು ಎಂದು ಹಿಡಿ. ಬೀದರಿನಲ್ಲಿ ದಿನಕ್ಕೆ ನಾಲ್ಕು ಸಾವು, ಭಾಲ್ಕಿಯಲ್ಲಿ ವಾರಕ್ಕೆ ಐದು, ಔರಾದಿನಲ್ಲಿ ವಾರಕ್ಕೆ ಎರಡೋ ಮೂರೋ. ಈಗ 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಹತ್ತು ನಗರಗಳ ಅಧ್ಯಯನ ತಗೋ, ನೀನೂ ಅದನ್ನು ಉಲ್ಲೇಖಿಸಿದ್ದಿ. ಪಿಎಂ2.5 ಎಂಬ ಸಣ್ಣ ಕಣ ಘನ ಮೀಟರಿಗೆ 10 ಮೈಕ್ರೋಗ್ರಾಂ ಹೆಚ್ಚಾದರೆ ದಿನದ ಸಾವು ಶೇ 1.42ರಷ್ಟು ಏರುತ್ತದೆ ಎನ್ನುತ್ತದೆ ಅದು. ಇದನ್ನು ನಮ್ಮ ಊರುಗಳಿಗೆ ಹಚ್ಚು. ಗಾಳಿ ದಿನವೂ ಅಷ್ಟು ಕೆಟ್ಟಿದ್ದರೂ ಬೀದರಿನಲ್ಲಿ ಹದಿನೇಳು-ಹದಿನೆಂಟು ದಿನಕ್ಕೆ ಒಂದು ಸಾವು ಹೆಚ್ಚು, ಭಾಲ್ಕಿಯಲ್ಲಿ ಮೂರು ತಿಂಗಳಿಗೊಂದು, ಔರಾದಿನಲ್ಲಿ ಅರ್ಧ ವರ್ಷಕ್ಕೊಂದು. ಗಾಳಿಗೆ ಸಂಬಂಧವೇ ಇಲ್ಲದೆ, ಬರೀ ದೈವಯೋಗದಿಂದಲೇ ಬೀದರಿನಲ್ಲಿ ಒಂದು ದಿನ ಒಬ್ಬರು, ಮತ್ತೊಂದು ದಿನ ಎಂಟು ಜನ ತೀರಿಕೊಳ್ಳುತ್ತಾರೆ. ಚೌಬಾರದ ಸಂತೆ ಗದ್ದಲದಲ್ಲಿ ಕಾಲ್ಗೆಜ್ಜೆಯ ಒಂದು ಕಾಳು ಉದುರಿದ ಸದ್ದು ಹುಡುಕಿದಂತಾಗುತ್ತದೆ ನಿನ್ನ ಕೆಲಸ. ಹತ್ತು ವರ್ಷದ ರಿಜಿಸ್ಟರ್ ಕೂಡಿಸಿದರೂ ನಗರದ ಸಾವು 15 ಸಾವಿರ ಮುಟ್ಟುವುದು ಕಷ್ಟ. ಆ ಹತ್ತು ನಗರದವರ ಕೈಯಲ್ಲಿದ್ದದ್ದು 36 ಲಕ್ಷ.

ಹಾಗೆಂದು ಸಂಬಂಧವೇ ಇಲ್ಲ ಎಂದುಕೊಳ್ಳಬೇಡ. ನಮ್ಮಲ್ಲಿ ಕಾಣುವುದು ಕಷ್ಟ ಎನ್ನುವುದು ಬೇರೆ, ಇಲ್ಲ ಎನ್ನುವುದು ಬೇರೆ. ಇದನ್ನು ಮೊದಲ ಪುಟದಲ್ಲೇ ಬರೆ. ಇಲ್ಲವಾದರೆ ನಿನ್ನ ಕೋಷ್ಟಕದಲ್ಲಿ ಏನೂ ಕಾಣದಾಗ ಯಾರೋ ಒಬ್ಬರು ‘ಬೀದರ್ ಜಿಲ್ಲೆಯಲ್ಲಿ ಹೊಗೆಯಿಂದ ಸಾವಿಲ್ಲ, ಅಧ್ಯಯನ ಹೇಳಿದೆ’ ಎಂದು ಅದನ್ನೇ ಹಿಡಿದು ಓಡಾಡುತ್ತಾರೆ.

ಲಂಡನ್ನಿನ ಕಥೆ ನಿನಗೆ ಗೊತ್ತು. 1952ರ ಡಿಸೆಂಬರ್ 5ರಿಂದ 9ರವರೆಗೆ ಗಾಳಿಯಾಡದೆ ಕಲ್ಲಿದ್ದಲಿನ ಹೊಗೆ ಊರ ಮೇಲೆ ಕೂತಿತು. ಸುಮಾರು 4,000 ಹೆಚ್ಚುವರಿ ಸಾವು ಎಂದು ಆಗ ಲೆಕ್ಕ ಹಾಕಿದರು. ಮುಂದಿನ ತಿಂಗಳುಗಳಲ್ಲೂ ಸಾವು ಇಳಿಯಲೇ ಇಲ್ಲ; ಅದನ್ನು ಇನ್‌ಫ್ಲುಯೆಂಜಾ ತಲೆಗೆ ಕಟ್ಟಿದರು. ಸುಮಾರು ಐವತ್ತು ವರ್ಷದ ಮೇಲೆ, 2001ರಲ್ಲಿ, ಮಿಷೆಲ್ ಬೆಲ್ ಮತ್ತು ಡೆವ್ರಾ ಡೇವಿಸ್ ಅದೇ ಅಂಕಿಗಳನ್ನು ಮತ್ತೆ ಕೂಡಿಸಿ ಕಳೆದು 12,000ದ ಹತ್ತಿರ ಎಂದರು. ಎಲ್ಲರೂ ಇದನ್ನು ಹೊಗೆಯ ಕಥೆ ಎಂದು ಹೇಳುತ್ತಾರೆ. ನನಗೆ ಅದು ರಿಜಿಸ್ಟರಿನ ಕಥೆ. ವಾರವಾರ ಸಾವಿನ ಪಟ್ಟಿ ಅಚ್ಚಾಗಿ ಉಳಿದ ಊರಾದ್ದರಿಂದ ಅರ್ಧ ಶತಮಾನದ ಮೇಲೂ ಜಗಳ ಬಗೆಹರಿಸಲು ಆಯಿತು.

ಮೂರು ಊರಿನ ತುಲನೆಯ ಹುಕಿ ನಿನಗೆ ಹಾರ್ವರ್ಡಿನ ಆರು ನಗರಗಳ ಅಧ್ಯಯನದಿಂದ ಬಂದಿದೆ ಎಂದು ಗೊತ್ತಾಗುತ್ತದೆ. ಡಗ್ಲಸ್ ಡಾಕರಿ, ಆರ್ಡನ್ ಪೋಪ್ ಮೊದಲಾದವರು 1993ರಲ್ಲಿ ಪ್ರಕಟಿಸಿದ್ದು. ಉಕ್ಕಿನ ಕಾರ್ಖಾನೆಗಳ ಸ್ಟೂಬೆನ್‌ವಿಲ್‌ನಲ್ಲಿ ಸಾವಿನ ಪ್ರಮಾಣ ಹೊಗೆ ಕಡಿಮೆಯಿದ್ದ ಪೋರ್ಟೇಜ್‌ಗಿಂತ ಶೇ 26 ಹೆಚ್ಚು ಎಂದು ಕಂಡಿತು. ಆದರೆ ಅವರು ಊರಿನ ಮರಣ ಪ್ರಮಾಣವನ್ನು ಊರಿನ ಹೊಗೆಯ ಪಕ್ಕದಲ್ಲಿಟ್ಟು ಸುಮ್ಮನಾಗಲಿಲ್ಲ. 8,111 ಜನರನ್ನು ಒಬ್ಬೊಬ್ಬರನ್ನಾಗಿ 14ರಿಂದ 16 ವರ್ಷ ಹಿಂಬಾಲಿಸಿದರು. ಯಾರು ಎಷ್ಟು ಸಿಗರೇಟು ಸೇದುತ್ತಾರೆ, ಎಷ್ಟು ಓದಿದ್ದಾರೆ, ಕೆಲಸದಲ್ಲಿ ದೂಳು ಕುಡಿಯುತ್ತಾರೋ ಎಲ್ಲ ಬರೆದುಕೊಂಡಿದ್ದರು. ಅಷ್ಟಾದರೂ ಆರೇ ಊರು ಹಿಡಿದು ಗೆರೆ ಎಳೆದಿದ್ದಾರೆ ಎಂದು ಬೈಸಿಕೊಂಡರು. ಮುಂದೆ 1995ರಲ್ಲಿ ಪೋಪ್ ಅವರೇ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಐದೂವರೆ ಲಕ್ಷ ಜನರ, 151 ನಗರಗಳ ಲೆಕ್ಕ ತಂದರು. 2000ದಲ್ಲಿ ಡೇನಿಯಲ್ ಕ್ರೂಸ್ಕಿಯವರ ತಂಡ ಹೊರಗಿನಿಂದ ಬಂದು ಎರಡನ್ನೂ ತಿರುಗಿ ಲೆಕ್ಕ ಹಾಕಿ ಸರಿಯಿದೆ ಎಂದಿತು. ಆರು ಸಾಲದು ಎಂದವರ ಮುಂದೆ ನೀನು ಮೂರು ಇಟ್ಟು ಏನು ಮಾಡುತ್ತಿ? ಮೂರು ಚುಕ್ಕಿಯ ನಡುವೆ ಯಾವ ಗೆರೆಯನ್ನಾದರೂ ಎಳೆಯಬಹುದು.

ಇನ್ನು ನನ್ನ ಹಳೆಯ ಮನೆಗೆ ಬರುತ್ತೇನೆ, ರಿಜಿಸ್ಟರಿಗೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ನೋಂದಣಿ ಆಗುವುದು ಸತ್ತ ಜಾಗದಲ್ಲಿ, ಬದುಕಿದ ಜಾಗದಲ್ಲಲ್ಲ. ಇದು ಬೆಂಗಳೂರಿನಲ್ಲಿ ಸಣ್ಣ ವಿಷಯ, ನಮ್ಮಲ್ಲಿ ದೊಡ್ಡದು. ಔರಾದ್ ತಾಲ್ಲೂಕಿನ ಒಂದು ತಾಂಡಾದ ಮುದುಕಿಗೆ ಪುಷ್ಯದ ಚಳಿಯಲ್ಲಿ ದಮ್ಮು ಹತ್ತುತ್ತದೆ ಎಂದಿಟ್ಟುಕೋ. ಮಕ್ಕಳು ಉದಗೀರಿಗೋ ನಾಂದೇಡಿಗೋ ಒಯ್ಯುತ್ತಾರೆ. ಅಲ್ಲಿ ತೀರಿಕೊಂಡರೆ ಆಕೆ ಮಹಾರಾಷ್ಟ್ರದ ಲೆಕ್ಕ. ಭಾಲ್ಕಿಯವರು ಲಾತೂರಿಗೆ ಹೋಗುತ್ತಾರೆ. ಬೀದರಿನ ಕೈಯಲ್ಲಿ ನಾಲ್ಕು ಕಾಸಿದ್ದವರು ಹೈದರಾಬಾದಿಗೆ ಹೋಗುತ್ತಾರೆ. ಅವರ ಸಾವು ತೆಲಂಗಾಣದ ಲೆಕ್ಕ. ಏನೂ ಇಲ್ಲದವರನ್ನು ಬೀದರಿನ ಸರ್ಕಾರಿ ದವಾಖಾನೆ ಬ್ರಿಮ್ಸ್‌ಗೆ ತರುತ್ತಾರೆ, ಅಲ್ಲಿ ತೀರಿಕೊಂಡರೆ ಬೀದರ್ ನಗರದ ಲೆಕ್ಕ. ಹೀಗೆ ಜೀವನವಿಡೀ ಔರಾದಿನ ಒಲೆಯ ಹೊಗೆ ಕುಡಿದವರ ಸಾವು ನಗರದ ಗಾಳಿಯ ಖಾತೆಗೆ ಜಮಾ ಆಗುತ್ತದೆ. ರಿಜಿಸ್ಟರ್ ಹೇಗಿದೆಯೋ ಹಾಗೇ ಎತ್ತಿಕೊಂಡರೆ ಔರಾದಿನ ಗಾಳಿ ಅಮೃತ, ಬೀದರಿನ ಗಾಳಿ ವಿಷ ಎಂದು ಬರೆದುಬಿಡುತ್ತಿ. ಅಚ್ಚಾಗಿಯೂ ಬಿಡುತ್ತದೆ, ಅದೇ ಹೆದರಿಕೆ.

ಉಪಾಯ ಇಲ್ಲದಿಲ್ಲ. ಮರಣ ವರದಿಯ ನಮೂನೆ 2ರಲ್ಲಿ ಸತ್ತವರು ವಾಸವಾಗಿದ್ದ ಊರಿನ ಕಾಲಂ ಇದೆ. ನಗರದ ದಾಖಲೆಗಳನ್ನು ಆ ಕಾಲಂ ಹಿಡಿದು ಬೇರೆ ಮಾಡಿ ಅವರವರ ತಾಲ್ಲೂಕಿಗೆ ವಾಪಸು ಕಳಿಸು. ಗಡಿಯಾಚೆ ಸತ್ತವರು ಹೀಗೆ ಸಿಗುವುದಿಲ್ಲ; ಅವರಿಗಾಗಿ ಆರಿಸಿದ ಕೆಲವು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಆಶಾ ಕಾರ್ಯಕರ್ತೆಯರನ್ನು ಜೊತೆಗಿಟ್ಟುಕೊಂಡು, ಕಳೆದ ವರ್ಷ ಯಾರು ತೀರಿಕೊಂಡರು ಎಂದು ಕೇಳಿ ಪಟ್ಟಿ ಮಾಡಬೇಕು. ಆ ಪಟ್ಟಿಗೂ ರಿಜಿಸ್ಟರಿಗೂ ಎಷ್ಟು ವ್ಯತ್ಯಾಸ ಎನ್ನುವುದು ತೋರಿಸಿದರೂ ಸಾಕು, ನಿನ್ನ ಥೀಸಿಸ್‌ಗೆ ಬೆಲೆ ಬಂತು. ತಾರೀಖಿನ ಮೇಲೂ ಕಣ್ಣಿಡು. ಸಾವಿನ ತಾರೀಖು ಬೇರೆ, ನೋಂದಣಿಯ ತಾರೀಖು ಬೇರೆ. ನೋಂದಣಿಗೆ 21 ದಿನದ ಅವಕಾಶವಿದೆ, ಹೊಲದ ಪಾಣಿ ಬದಲಾಯಿಸುವಾಗ ಮಾತ್ರ ನೆನಪಾಗಿ ವರ್ಷದ ಮೇಲೆ ಬರುವವರೂ ಇದ್ದಾರೆ.

ಕಾರಣದ ಕಾಲಂ ಬಗ್ಗೆ ಏನು ಹೇಳಲಿ. ದವಾಖಾನೆಯಲ್ಲಿ ಸತ್ತರೆ ನಮೂನೆ 4, ಹೊರಗೆ ಸತ್ತರೆ 4ಎ. ನಾನು ನೋಡಿದ ಹಾಳೆಗಳಲ್ಲಿ ‘ಹೃದಯ ಮತ್ತು ಉಸಿರಾಟ ಸ್ತಂಭನ’ ಎಂದು ಬರೆದವುಗಳಿಗೆ ಕೊನೆಯಿಲ್ಲ. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ? ಇನ್ನೊಂದು ಕಾಲಂ ನೋಡು, ಸತ್ತವರು ಬೀಡಿ-ಸಿಗರೇಟು ಸೇದುತ್ತಿದ್ದರೇ, ಎಷ್ಟು ವರ್ಷ, ತಂಬಾಕು ಅಗಿಯುತ್ತಿದ್ದರೇ ಎಂದು ಅದೇ ನಮೂನೆ 2 ಕೇಳುತ್ತದೆ. ಹಾರ್ವರ್ಡಿನವರು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡ ಮಾಹಿತಿಗೆ ನಮ್ಮಲ್ಲಿ ಕಾಯ್ದೆಯೇ ಜಾಗ ಮಾಡಿಕೊಟ್ಟಿದೆ, ತುಂಬುವವರಿಲ್ಲ. ನೀನು ಒಂದು ತಾಲ್ಲೂಕಿನಲ್ಲಿ ಒಂದು ವರ್ಷ ಆ ಕಾಲಂ ಸರಿಯಾಗಿ ತುಂಬಿಸಿದರೆ ನಿನ್ನ ನಂತರ ಬರುವವರು ನಿನ್ನ ಹೆಸರು ಹೇಳುತ್ತಾರೆ.

ಮನೆಯಲ್ಲಿ ಸತ್ತವರ ಕಾರಣ ತಿಳಿಯಲು ಮನೆಯವರನ್ನೇ ಕೇಳುವ ವಿಧಾನವಿದೆಯಲ್ಲ, ಪ್ರಭಾತ್ ಝಾ ಅವರ ತಂಡ ರಿಜಿಸ್ಟ್ರಾರ್ ಜನರಲ್ ಕಚೇರಿಯ ಜೊತೆ ದೇಶದ ತುಂಬ ಮಾಡಿದ ಹತ್ತು ಲಕ್ಷ ಸಾವುಗಳ ಅಧ್ಯಯನದ್ದು, ಅದನ್ನು ಬಳಸು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಬಂದಿತೆಂದು ಮರುದಿನವೇ ಬಾಗಿಲು ತಟ್ಟಬೇಡ. ದಿನಕರ್ಮ ಮುಗಿಯಲಿ, ಮುಸ್ಲಿಮರ ಮನೆಯಾದರೆ ಚಾಲೀಸ್ವಾಂ ಮುಗಿಯಲಿ. ಕನ್ನಡದ ಪ್ರಶ್ನೆಪಟ್ಟಿ ಒಂದೇ ಹಿಡಿದು ಹೋದರೆ ಔರಾದಿನ ಗಡಿಹಳ್ಳಿಗಳಲ್ಲಿ ಮರಾಠಿಯವರೂ ನಗರದ ಹಳೆಯ ಓಣಿಗಳಲ್ಲಿ ದಖ್ಖನಿಯವರೂ ನಿನಗೆ ಬೇಕಾದ ಉತ್ತರ ಊಹಿಸಿ ಕೊಟ್ಟು ಚಹಾ ಕುಡಿಸಿ ಕಳಿಸುತ್ತಾರೆ. ಸತ್ತವರ ಹೆಸರು ನಿನ್ನ ಕಂಪ್ಯೂಟರಿಗೆ ಹೋಗದಿರಲಿ, ನಂಬರ್ ಸಾಕು.

ಅಂಶದ ಮಾತಾಯಿತು. ಛೇದವೂ ಅಷ್ಟೇ ಅಲುಗಾಡುತ್ತಿದೆ. ಕೊನೆಯ ಜನಗಣತಿ 2011ರದ್ದು, ಮುಂದಿನದು 2027ಕ್ಕೆ. ನಡುವೆ ಔರಾದ್ ತಾಲ್ಲೂಕಿನಿಂದ ಕಮಲನಗರ ಬೇರೆಯಾಯಿತು; ಹಳೆಯ ಔರಾದಿನ ಜನಸಂಖ್ಯೆಯಿಂದ ಹೊಸ ಔರಾದಿನ ಸಾವನ್ನು ಭಾಗಿಸಿದರೆ ಒಂದೇ ಏಟಿಗೆ ಮರಣ ಪ್ರಮಾಣ ಇಳಿದುಬಿಡುತ್ತದೆ. ಔರಾದಿನ ಹುಡುಗರು ಕೆಲಸಕ್ಕೆ ಹೈದರಾಬಾದ್, ಪುಣೆ, ಮುಂಬೈ ಸೇರುತ್ತಾರೆ, ಊರಲ್ಲಿ ಮುದುಕರು ಉಳಿಯುತ್ತಾರೆ. ಆಗ ಗಾಳಿ ಹೇಗಿದ್ದರೂ ಸಾವಿರಕ್ಕೆ ಸಾಯುವವರ ಸಂಖ್ಯೆ ಏರುತ್ತದೆ. ವಯಸ್ಸಿನ ಗುಂಪುವಾರು ಸರಿಹೊಂದಿಸದೆ ಒಂದು ಅಂಕಿಯನ್ನೂ ಅಚ್ಚಿಗೆ ಕೊಡಬೇಡ. 2020, 2021 ಬೇರೆಯೇ ಇಡು. ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ನಮ್ಮ ಪಕ್ಕದ ಕಲಬುರಗಿಯಲ್ಲಿ, ಮರೆತಿಲ್ಲ ತಾನೆ. ಆ ಎರಡು ವರ್ಷ ಲಾಕ್‌ಡೌನಿನಿಂದ ಎಷ್ಟೋ ದಿನ ಗಾಳಿ ತಿಳಿಯಾಗಿತ್ತು, ಕೋವಿಡ್‌ನಿಂದ ಸಾವು ಹೆಚ್ಚಿತ್ತು. ಬೆರೆಸಿದರೆ ಹೊಗೆ ಆಯುಷ್ಯ ಹೆಚ್ಚಿಸುತ್ತದೆ ಎಂಬ ಉತ್ತರ ಬಂದೀತು.

ಈಗ ಋತುಮಾನ. ರಾಜ್ಯದಲ್ಲೇ ಹೆಚ್ಚು ಚಳಿ ಬೀಳುವ ಊರುಗಳಲ್ಲಿ ಬೀದರ್ ಒಂದು. ಆ ಚಳಿಯ ತಿಂಗಳುಗಳಲ್ಲೇ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುತ್ತವೆ, ಚಿಮಣಿಯಲ್ಲಿ ಕಬ್ಬಿನ ಸಿಪ್ಪೆ ಉರಿಯುತ್ತದೆ. ಕಾರಂಜಾ ನೀರಾವರಿಯ ಹೊಲಗಳಲ್ಲಿ ಕಟಾವು ಮುಗಿದ ಮೇಲೆ ರವದಿಗೆ ಬೆಂಕಿ ಹಚ್ಚುತ್ತಾರೆ. ತೊಗರಿ ರಾಶಿಯ ಮಷಿನ್ ದೂಳೆಬ್ಬಿಸುತ್ತದೆ. ಓಣಿ ಓಣಿಯಲ್ಲಿ ಬೆಳಿಗ್ಗೆ ಸಂಜೆ ಬೆಂಕಿ ಕಾಯಿಸುತ್ತಾರೆ. ಹೊಗೆ ಮೇಲೇಳದೆ ನೆಲ ಹಿಡಿಯುತ್ತದೆ. ಹೊಗೆ ಇಲ್ಲದಿದ್ದರೂ ಆ ಚಳಿಗೆ ಮುದುಕರು ಹೆಚ್ಚು ಸಾಯುತ್ತಾರೆ. ಜನವರಿಯಲ್ಲಿ ಹೊಗೆಯೂ ಹೆಚ್ಚು, ಸಾವೂ ಹೆಚ್ಚು ಎಂದು ಗ್ರಾಫ್ ಬಿಡಿಸಿದರೆ ನೀನು ಕಂಡುಹಿಡಿದದ್ದು ಚಳಿಗಾಲವನ್ನು. ಉಷ್ಣಾಂಶ, ತೇವಾಂಶ, ತಿಂಗಳು ಇವನ್ನೆಲ್ಲ ಲೆಕ್ಕದಿಂದ ಬೇರ್ಪಡಿಸಿದ ಮೇಲೆ ಏನು ಉಳಿಯುತ್ತದೋ ಅದಷ್ಟೇ ಗಾಳಿಯ ಪಾಲು.

ಡಬ್ಲಿನ್‌ನವರಿಗೂ ಇಂಥದ್ದೇ ಆಯಿತು. 1990ರ ಸೆಪ್ಟೆಂಬರ್ 1ರಿಂದ ಅಲ್ಲಿ ಹೊಗೆಕಾರುವ ಕಲ್ಲಿದ್ದಲು ಮಾರಾಟ ನಿಷೇಧವಾಯಿತು. ಕರಿಹೊಗೆ ಶೇ 70ರಷ್ಟು ಇಳಿಯಿತು. ಉಸಿರಾಟದ ಸಾವು ಶೇ 15, ಹೃದಯದ ಸಾವು ಶೇ 10 ಇಳಿದವು ಎಂದು 2002ರಲ್ಲಿ ಬರೆದರು, ಜಗತ್ತೆಲ್ಲ ಚಪ್ಪಾಳೆ ತಟ್ಟಿತು. ಮುಂದೆ 2013ರಲ್ಲಿ ಡಾಕರಿಯವರ ತಂಡ ನಿಷೇಧವಿಲ್ಲದ ಊರುಗಳನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಹೃದಯದ ಸಾವು ಅಲ್ಲಿಯೂ ಇಳಿಯುತ್ತಿತ್ತು. ಅದು ಕಾಲದ ಇಳಿತ, ನಿಷೇಧದ್ದಲ್ಲ. ಉಸಿರಾಟದ ಸಾವಿನ ಇಳಿತ ಮಾತ್ರ ಉಳಿಯಿತು. ಹಾಗೇ ಅಮೆರಿಕದ 90 ನಗರಗಳ ಲೆಕ್ಕದಲ್ಲಿ ಸಾಫ್ಟ್‌ವೇರಿನ ಡೀಫಾಲ್ಟ್ ಸೆಟ್ಟಿಂಗ್ ಒಂದು ಸಡಿಲವಿತ್ತೆಂದು 2002ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರೇ ಹೇಳಿಕೊಂಡರು, ಕಣಕ್ಕೆ ತಕ್ಕ ಸಾವಿನ ಏರಿಕೆ ಶೇ 0.41 ಇದ್ದದ್ದು ಶೇ 0.27 ಆಯಿತು. ಈ ವಿದ್ಯೆ ನಿಂತಿರುವುದೇ ಹೀಗೆ ತಿರುಗಿ ತಿರುಗಿ ನೋಡಿದ್ದರಿಂದ. ನಿನ್ನ ಲೆಕ್ಕವನ್ನೂ ಇನ್ನೊಬ್ಬರು ಮೊದಲಿನಿಂದ ಮಾಡಲು ಬರುವಂತೆ ಇಡು.

ನಿನಗೆ ನಿಜಕ್ಕೂ ಹತ್ತಿರವಾದ ಗುರು ಯೂಟಾ ಕಣಿವೆಯ ಪೋಪ್. ಅದೇ ಆರ್ಡನ್ ಪೋಪ್, ಡಾಕ್ಟರಲ್ಲ, ಅರ್ಥಶಾಸ್ತ್ರದವರು (ನನ್ನಂಥವರಿಗೆ ಇದು ಖುಷಿಯ ಸಂಗತಿ). ಅಲ್ಲಿಯ ಉಕ್ಕಿನ ಕಾರ್ಖಾನೆ ಕಾರ್ಮಿಕರ ತಂಟೆಯಿಂದ 1986ರ ಆಗಸ್ಟಿನಿಂದ 1987ರ ಸೆಪ್ಟೆಂಬರ್‌ವರೆಗೆ ಮುಚ್ಚಿತ್ತು. ಕಾರ್ಖಾನೆ ನಡೆದ ಚಳಿಗಾಲಗಳಲ್ಲಿ ಎದೆ ಕಟ್ಟಿ, ಉಬ್ಬಸ ಬಂದು ದವಾಖಾನೆ ಸೇರಿದ ಮಕ್ಕಳು, ಮುಚ್ಚಿದ್ದ ಚಳಿಗಾಲಕ್ಕಿಂತ ಎರಡು-ಮೂರು ಪಟ್ಟು ಹೆಚ್ಚು. ಅವರು ಮೊದಲು ಎಣಿಸಿದ್ದು ಸಾವನ್ನಲ್ಲ, ಅಡ್ಮಿಶನ್ನುಗಳನ್ನು, ಅದನ್ನು ನೋಡು. ಸಣ್ಣ ಊರಿನಲ್ಲಿ ಸಾವು ಅಪರೂಪ, ಉಬ್ಬಸ ಅಪರೂಪವಲ್ಲ. ಬ್ರಿಮ್ಸ್, ಭಾಲ್ಕಿ ಮತ್ತು ಔರಾದಿನ ತಾಲ್ಲೂಕು ದವಾಖಾನೆಗಳ ಅಡ್ಮಿಶನ್ ರಿಜಿಸ್ಟರಿನಲ್ಲಿ ಉಬ್ಬಸ, ನ್ಯುಮೋನಿಯಾ, ಸಿಒಪಿಡಿ ಎಣಿಸಿದರೆ ನಿನ್ನ ಕೈಗೆ ಅಂಕಿ ಹತ್ತುತ್ತದೆ. ಸಕ್ಕರೆ ಕಾರ್ಖಾನೆ ಶುರುವಾಗದೆ ಹೋದ ಹಂಗಾಮುಗಳನ್ನು ನಮ್ಮ ಜಿಲ್ಲೆಯೂ ಕಂಡಿದೆ. ಅಂಥ ವರ್ಷದ ಚಳಿಗಾಲವನ್ನು ಹಿಂದಿನ ಮುಂದಿನ ವರ್ಷದೊಡನೆ, ಚಿಮಣಿಯ ಹತ್ತಿರದ ಹಳ್ಳಿಗಳನ್ನು ದೂರದ ಹಳ್ಳಿಗಳೊಡನೆ ಇಟ್ಟು ನೋಡು. ಆ ವರ್ಷ ಬರ ಬಿದ್ದು ಕಬ್ಬೇ ಇರಲಿಲ್ಲವೋ, ಕಾರ್ಖಾನೆಗೇ ದುಡ್ಡಿರಲಿಲ್ಲವೋ ಅದನ್ನೂ ವಿಚಾರಿಸು. ಬರದ ವರ್ಷ ಜನರ ಹೊಟ್ಟೆಯೂ ಬೇರೆ ಇರುತ್ತದೆ.

ಯಂತ್ರದ ಬಗ್ಗೆ ಸ್ವಲ್ಪ. ಬೀದರಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರ ನೌಬಾದಿನಲ್ಲಿದೆ. ಅದು ಹೇಳುವುದು ನೌಬಾದಿನ ಗಾಳಿಯನ್ನು. ಭಾಲ್ಕಿ, ಔರಾದಿಗೆಂದು ನೀನು ಕೊಳ್ಳಬೇಕೆಂದಿರುವ ಸಣ್ಣ ಲೇಸರ್ ಸೆನ್ಸರ್‌ಗಳು ಅಗ್ಗ, ಆದರೆ ಚಂಚಲ. ಮಳೆಗಾಲದ ತೇವದಲ್ಲಿ ಕಣ ಉಬ್ಬಿ ಹೆಚ್ಚು ತೋರಿಸುತ್ತವೆ, ನಮ್ಮ ಕೆಂಪು ಮಣ್ಣಿನ ದಪ್ಪ ದೂಳನ್ನು ಸರಿಯಾಗಿ ಹಿಡಿಯುವುದಿಲ್ಲ. ಅನುಮತಿ ಪಡೆದು ಅವನ್ನು ಮೊದಲು ಕೆಲವು ವಾರ ನೌಬಾದಿನ ಯಂತ್ರದ ಪಕ್ಕದಲ್ಲೇ ಇಟ್ಟು ಎಷ್ಟು ತಪ್ಪುತ್ತವೆ ಎಂದು ತಿಳಿದುಕೋ. ಕ್ರಷರ್, ರಸ್ತೆ, ರಾಶಿಯ ದೂಳು ಹೆಚ್ಚಾಗಿ ದಪ್ಪ ಕಣ. ಒಲೆ, ರವದಿ, ಇಟ್ಟಿಗೆ ಭಟ್ಟಿ, ಡೀಸೆಲಿನ ಹೊಗೆ ಸಣ್ಣ ಕಣ. ಪಿಎಂ10, ಪಿಎಂ2.5 ಎರಡನ್ನೂ ಬೇರೆ ಬೇರೆ ಇಡದಿದ್ದರೆ ಮಣ್ಣಿನ ಪಾಪ ಹೊಗೆಗೆ, ಹೊಗೆಯ ಪಾಪ ಮಣ್ಣಿಗೆ ಹತ್ತುತ್ತದೆ. ಯಂತ್ರವನ್ನು ಛಾವಣಿಯ ಮೇಲಷ್ಟೇ ಇಡಬೇಡ, ಕುಳ್ಳು ಮತ್ತು ತೊಗರಿ ಕಟ್ಟಿಗೆ ಉರಿಯುವ ಅಡುಗೆಮನೆಯಲ್ಲೂ ಇಡು. ಸಿಲಿಂಡರ್ ಇದೆಯೋ ಎಂದು ಕೇಳಬೇಡ, ಕಳೆದ ಸಲ ಯಾವಾಗ ತುಂಬಿಸಿದರು ಎಂದು ಕೇಳು. ನಗರದ ಬಿದ್ರಿ ಕೆಲಸಗಾರರನ್ನು ಬೇರೆ ಬರೆದುಕೋ. ಅವರ ಎರಕದ ಕೋಣೆಯ ಗಾಳಿ ಊರಿನ ಗಾಳಿಯಲ್ಲ.

ಕರಡಿನಲ್ಲಿ ಒಂದು ವಾಕ್ಯ ಕೆಂಪು ಪೆನ್ನಿನಿಂದ ಹೊಡೆದಿದ್ದೇನೆ, ಬೇಸರ ಮಾಡಬೇಡ. ‘ಬೀದರಿನ ಗಾಳಿ ರಾಷ್ಟ್ರೀಯ ಮಿತಿಯೊಳಗಿದ್ದರೆ ಅಪಾಯವಿಲ್ಲ’ ಎಂದಿದ್ದಿ. ನಮ್ಮ ದೇಶದ ವಾರ್ಷಿಕ ಮಿತಿ ಪಿಎಂ2.5ಕ್ಕೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಎರಡರ ನಡುವೆ ಬದುಕುವವರು ಕೋಟ್ಯಂತರ ಜನ. ಅದೇ ಹತ್ತು ನಗರಗಳ ಅಧ್ಯಯನದಲ್ಲಿ 10 ಮೈಕ್ರೋಗ್ರಾಂ ಏರಿಕೆಗೆ ದಿಲ್ಲಿಯಲ್ಲಿ ಸಾವು ಏರಿದ್ದು ಶೇ 0.31, ಬೆಂಗಳೂರಿನಲ್ಲಿ ಶೇ 3.06. ಕಡಿಮೆ ಹೊಗೆಯ ಊರಿನಲ್ಲಿ ಪ್ರತಿ ಹೆಚ್ಚಳದ ಏಟು ಜೋರು. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕಲಬುರಗಿ ಇದೆ, ಬೀದರ್ ಇಲ್ಲ. ಪಟ್ಟಿಯಲ್ಲಿಲ್ಲ ಎಂಬುದು ಗಾಳಿಗೆ ಸಿಕ್ಕ ಸರ್ಟಿಫಿಕೇಟ್ ಅಲ್ಲ.

ಸಾವಿನ ಅಂಕಿ ಬೇಕೇ ಬೇಕು ಎಂದು ಗೈಡ್ ಹಟ ಹಿಡಿದರೆ ಎರವಲು ತಗೋ. 2024ರ ಡಿಸೆಂಬರಿನಲ್ಲಿ ದೇಶದ 655 ಜಿಲ್ಲೆಗಳ, 2009ರಿಂದ 2019ರವರೆಗಿನ ಅಧ್ಯಯನ ಬಂದಿದೆ: ವಾರ್ಷಿಕ ಪಿಎಂ2.5 ಹತ್ತು ಮೈಕ್ರೋಗ್ರಾಂ ಏರಿದರೆ ಸಾವು ಶೇ 8.6 ಏರುತ್ತದೆ. ದಿನದ ಲೆಕ್ಕಕ್ಕಿಂತ ಇದು ದೊಡ್ಡದು ಯಾಕೆಂದರೆ ಇದು ವರ್ಷಗಟ್ಟಲೆ ಕುಡಿದ ಹೊಗೆಯ ಲೆಕ್ಕ. ನೀನು ಸರಿಪಡಿಸಿದ ಸಾವಿನ ಸಂಖ್ಯೆಗೆ, ನೀನು ಅಳೆದ ಗಾಳಿಗೆ ಅದನ್ನು ಹಚ್ಚಿ, ಕೆಳಮಿತಿ ಮೇಲ್ಮಿತಿ ಎರಡನ್ನೂ ಕೊಟ್ಟು, ‘ಅಂದಾಜು’ ಎಂದು ಬರೆ. ಪತ್ರಿಕೆಯವರು ಬಂದು ‘ಬೀದರಿನಲ್ಲಿ ಹೊಗೆಗೆ ಎಷ್ಟು ಬಲಿ’ ಎಂದು ಒಂದೇ ಅಂಕಿ ಕೇಳುತ್ತಾರೆ. ಒಂದೇ ಅಂಕಿ ಕೊಡಬೇಡ.

ಭಾಲ್ಕಿಯಿಂದ ಶುರು ಮಾಡು ಎನ್ನುತ್ತೇನೆ. ಔರಾದಿಗಿಂತ ಸಾವಿನ ದಾಖಲೆ ಹೆಚ್ಚು, ನಗರದಷ್ಟು ಹೊರಗಿನವರ ಬೆರಕೆಯಿಲ್ಲ, ಬೀದರಿನಿಂದ ರೈಲೂ ಇದೆ. ಕಳೆದ ಒಂದು ವರ್ಷದ ನಮೂನೆ 2 ನೋಡಲು ಅನುಮತಿ ಕೇಳುವ ಅರ್ಜಿ ಕನ್ನಡದಲ್ಲೇ ಬರೆ, ಬೇಗ ಮುಂದೆ ಹೋಗುತ್ತದೆ. ಕಳಿಸುವ ಮೊದಲು ನನಗೊಮ್ಮೆ ತೋರಿಸು. ಯಾವ ಕಾಲಂಗಳ ನಕಲು ಬೇಕು, ಯಾವುದು ಬೇಡ ಎಂದು ಗುರುತು ಹಾಕಿ ಕೊಡುತ್ತೇನೆ.